ಚಮಚದ ಮೇಲೆ ನಿಲ್ಲುವ ಗಂಜಿ

ಆರು ತಿಂಗಳು ತುಂಬಿದ ಕೂಸಿನ ಸುತ್ತ ನಾಲ್ಕು ಮಂದಿ ಹೆಂಗಸರು ಕೂತರೆ ನಾಲ್ಕು ಸಲಹೆ ಬರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಜೋರು ದನಿಯದು ಒಂದೇ: “ಗಂಜಿ ತಿಳಿ ಮಾಡಿ ಕುಡಸ್ರಿ, ಕೂಸಿಗೆ ಪಚನ ಆಗ್ತದ.” ವಿಜಯಪುರ, ಬಾಗಲಕೋಟೆ ಕಡೆ ಮೊದಲ ವರ್ಷದ ಊಟ ಹಾದಿ ತಪ್ಪುವುದು ಬಹಳ ಸಲ ಈ ತಿಳಿ ಗಂಜಿಯಲ್ಲೇ.

ಲೆಕ್ಕ ಸರಳ. ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್. ಏಳು ಕಿಲೋ ಕೂಸಿಗೆ 200 ಮಿಲಿಲೀಟರ್ ಆದರೆ ಮುಗಿಯಿತು. ಅಷ್ಟು ಜಾಗಕ್ಕೆ ನೀರಿನಂಥ ಗಂಜಿ ಸುರಿದರೆ ಹೊಟ್ಟೆಗೆ ಹೋದದ್ದು ನೀರೇ, ಹಿಟ್ಟು ನಾಲ್ಕು ಚಿಟಿಕೆ. ಕೂಸು ಹೊಟ್ಟೆ ತುಂಬಿ ಮಲಗುತ್ತದೆ, ಮನೆಯವರಿಗೆ ಸಮಾಧಾನ. ತಾಯಿ ಕಾರ್ಡಿನ ತೂಕದ ಗೆರೆ ಮಾತ್ರ ಎರಡು ತಿಂಗಳಿಂದ ಮೇಲಕ್ಕೆ ಹತ್ತದೆ ಅಡ್ಡ ಮಲಗಿರುತ್ತದೆ. ಗಂಜಿ ಸರಿಯಾಗಿದೆಯೋ ಇಲ್ಲವೋ ನೋಡಲು ಚಮಚದಲ್ಲಿ ತುಂಬಿ ಓರೆ ಮಾಡಿ. ಹರಿದು ಬಿದ್ದರೆ ತೆಳು, ನಿಧಾನ ಜಾರಿದರೆ ಸರಿ. ಬಾಟಲಿಯ ನಿಪ್ಪಲ್‌ನಿಂದ ಇಳಿಯುವ ಗಂಜಿಯಂತೂ ಊಟವೇ ಅಲ್ಲ. ಬಾಟಲಿ ತೊಳೆಯುವುದೂ ಕಷ್ಟ, ಭೇದಿಗೆ ಅದೇ ದಾರಿ.

ಯಾವಾಗ ಶುರು ಮಾಡಬೇಕು? 180 ದಿನ ತುಂಬಿದ ಮೇಲೆ. ಅಲ್ಲಿಯವರೆಗೆ ತಾಯಿ ಹಾಲು ಬಿಟ್ಟರೆ ಬೇರೇನೂ ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗಲೂ ನೀರು ಬೇಡ. ಹಾಲಿನಲ್ಲೇ ಬೇಕಾದಷ್ಟು ನೀರಿದೆ, ಎರಡು ಸಲ ಹೆಚ್ಚು ಕುಡಿಸಿದರೆ ಸಾಕು. ಹೆಣ್ಣುಮಕ್ಕಳಿಗೆ ಬೆಸ ತಿಂಗಳಲ್ಲಿ ಅನ್ನಪ್ರಾಶನ ಮಾಡುವ ಮನೆಗಳಲ್ಲಿ ಮುಹೂರ್ತ ಐದನೇ ತಿಂಗಳಿಗೇ ಬಂದುಬಿಡುತ್ತದೆ. ಪಾಯಸವನ್ನು ತುಟಿಗೆ ಮುಟ್ಟಿಸಿ ಶಾಸ್ತ್ರ ಮುಗಿಸಿ, ಊಟ ತಿಂಗಳು ತಡೆದು ಶುರು ಮಾಡಿ. ದೇವರಿಗೂ ಬೇಜಾರಿಲ್ಲ, ಹಿರಿಯರಿಗೂ ಇಲ್ಲ. ದಿನದ ಲೆಕ್ಕದ ಜೊತೆ ಕೂಸನ್ನೂ ನೋಡಬೇಕು. ಆಸರೆ ಕೊಟ್ಟರೆ ಕೂರುತ್ತದೆ, ಕತ್ತು ಗಟ್ಟಿಯಾಗಿದೆ, ನೀವು ರೊಟ್ಟಿ ಮುರಿದಾಗ ಕೈ ಚಾಚುತ್ತದೆ, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ಕಡಿಮೆಯಾಗಿದೆ. ಇಷ್ಟಿದ್ದರೆ ಹಲ್ಲಿಗಾಗಿ ಕಾಯುವುದು ಬೇಡ; ಒಸಡಿನಿಂದಲೇ ಅರೆಯುತ್ತವೆ. ಕೆಲವು ಕೂಸುಗಳಿಗೆ ಮೊದಲ ಹಲ್ಲು ವರ್ಷದ ಹತ್ತಿರ ಬರುತ್ತದೆ.

ಅಳತೆಗೆ 250 ಮಿಲಿಲೀಟರಿನ ಒಂದು ಬಟ್ಟಲು ಗೊತ್ತು ಮಾಡಿಕೊಳ್ಳಿ, ಅದು ಕೂಸಿನದೇ ಆಗಿರಲಿ. ಮೊದಲ ವಾರ ಎರಡು-ಮೂರು ದೊಡ್ಡ ಚಮಚ, ದಿನಕ್ಕೆ ಎರಡು ಹೊತ್ತು. ಎಂಟು ತಿಂಗಳಾಗುವಷ್ಟರಲ್ಲಿ ಹೊತ್ತಿಗೆ ಅರ್ಧ ಬಟ್ಟಲು, ಎರಡು-ಮೂರು ಹೊತ್ತು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಅದೇ ಅರ್ಧ ಬಟ್ಟಲು, ಮೂರು-ನಾಲ್ಕು ಹೊತ್ತು. ವರ್ಷ ದಾಟಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ನಡುವೆ ಬಾಳೆಹಣ್ಣು, ಚಿಕ್ಕು, ಮೊಸರು. ತಾಯಿ ಹಾಲು ಎರಡು ವರ್ಷದವರೆಗೂ ಇರಲಿ. ಹೊಸ ಪದಾರ್ಥ ಒಂದೊಂದಾಗಿ ಕೊಟ್ಟು ಎರಡು-ಮೂರು ದಿನ ನೋಡಿದರೆ ಮೈಗೆ ಯಾವುದು ಒಗ್ಗಲಿಲ್ಲ ಎಂಬುದು ತಿಳಿಯುತ್ತದೆ.

ಈಗ ಅಸಲು ತೊಡಕು. ಗಟ್ಟಿ ಗಂಜಿ ಆರಿದರೆ ಮುದ್ದೆಯಾಗುತ್ತದೆ, ಕೂಸು ಉಗುಳುತ್ತದೆ. ತಾಯಿ ಮತ್ತೆ ನೀರು ಬೆರೆಸುತ್ತಾಳೆ, ಬಂದಲ್ಲಿಗೇ ಬಂತು. ಇದಕ್ಕೆ ಮದ್ದು ಮೊಳಕೆ ಕಟ್ಟಿದ ರಾಗಿಯಲ್ಲಿದೆ. ಕಾಳು ಮೊಳೆಯುವಾಗ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಆ ಹಿಟ್ಟನ್ನು ಅರ್ಧ ಚಮಚ ಹಾಕಿದರೆ ನೀರು ಸೇರಿಸದೆ ಗಂಜಿ ಸಡಿಲವಾಗುತ್ತದೆ. ಹಿಟ್ಟು ಅಷ್ಟೇ, ಬಲ ಅಷ್ಟೇ.

ಕಾಲು ಕಿಲೋ ರಾಗಿಯನ್ನು ಕಲ್ಲು ಆರಿಸಿ ನಾಲ್ಕು ನೀರಿನಲ್ಲಿ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಪೂರ್ತಿ ಬಸಿದು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಒಂದು ದಿನಕ್ಕೇ ಮೊಳಕೆ ಇಣುಕುತ್ತದೆ, ಚಳಿಗಾಲದಲ್ಲಿ ಎರಡು ದಿನ ಬೇಕು. ನಮ್ಮ ಕಡೆ ಒಣ ಗಾಳಿಗೆ ಗಂಟಿನ ಹೊರಭಾಗ ಒಣಗಿ ಅಲ್ಲಿನ ಕಾಳು ಮೊಳೆಯದೆ ಉಳಿಯುತ್ತವೆ, ಹಾಗಾಗಿ ಆರು ತಾಸಿಗೊಮ್ಮೆ ನೀರು ಚಿಮುಕಿಸಬೇಕು. ಹುಳಿ ವಾಸನೆ ಬಂದರೆ, ಕೈಗೆ ಲೋಳೆ ಹತ್ತಿದರೆ ಅದು ದನದ ಮುಸುರೆಗೆ. ಸಣ್ಣ ಮೊಳಕೆ ಬಂದ ಕೂಡಲೇ ತೆಳ್ಳಗೆ ಹರವಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿದರೆ ಬೇರು ಉದುರುತ್ತವೆ, ಕೇರಿ ತೆಗೆಯಿರಿ. ಇದರಲ್ಲಿ ಒಂದು ಹಿಡಿಯನ್ನು ಹುರಿಯದೆ ಪ್ರತ್ಯೇಕ ಎತ್ತಿಡಬೇಕು. ಹುರಿದರೆ ಕಿಣ್ವ ಸಾಯುತ್ತದೆ, ಸಡಿಲ ಮಾಡುವ ಗುಣ ಅದರ ಜೊತೆಗೇ ಹೋಗುತ್ತದೆ. ಉಳಿದದ್ದನ್ನು ಘಮ ಬರುವಷ್ಟು ಸಣ್ಣ ಉರಿಯಲ್ಲಿ ಹುರಿದು ಗಂಜಿ ಹಿಟ್ಟಿಗೆ ಇಟ್ಟುಕೊಳ್ಳಿ. ಅದಕ್ಕೆ ಹುರಿದ ಹೆಸರುಬೇಳೆ ಒಂದು ಹಿಡಿ ಸೇರಲಿ. ಗಿರಣಿಗೆ ಒಯ್ದರೆ ಮುಂಚೆ ಬೀಸಿದ್ದು ಏನೆಂದು ಕೇಳಿ. ಖಾರದ ಪುಡಿಯ ಬೆನ್ನಿಗೆ ಬೀಸಿದ ಹಿಟ್ಟಿಗೆ ಕೂಸು ಕಿರುಚುವುದನ್ನು “ರಾಗಿ ಒಗ್ಗಲಿಲ್ಲ” ಎಂದು ತಿಳಿದವರಿದ್ದಾರೆ. ಇಷ್ಟು ಕಡಿಮೆ ಹಿಟ್ಟಿಗೆ ಮನೆಯ ಮಿಕ್ಸರೇ ಸಾಕು, ಸಾಣಿಗೆಯಲ್ಲಿ ಎರಡು ಸಲ ಜಾಲಿಸಿ.

ಎರಡು ದೊಡ್ಡ ಚಮಚ ಹಿಟ್ಟನ್ನು ಮುಕ್ಕಾಲು ಬಟ್ಟಲು ತಣ್ಣೀರಿನಲ್ಲಿ ಕದಡಿ ಆಮೇಲೆ ಒಲೆಗಿಡಿ. ಬಿಸಿ ನೀರಿಗೆ ಹಾಕಿದರೆ ಗಂಟು. ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ತಿರುವುತ್ತಿದ್ದರೆ ಬಣ್ಣ ಕಪ್ಪಾಗಿ ಹೊಳಪು ಬರುತ್ತದೆ. ಇಳಿಸಿ, ಕುದಿ ಅಡಗಿ ಹಬೆಯಾಡುತ್ತಿರುವಾಗ ಆ ಹುರಿಯದ ಹಿಟ್ಟು ಅರ್ಧ ಸಣ್ಣ ಚಮಚ ಉದುರಿಸಿ ತಿರುವಿ. ಮೊದಲು ಚಮಚಕ್ಕೆ ಅಂಟಿ ಎಳೆಯುತ್ತಿದ್ದ ಗಂಜಿ ಎರಡು-ಮೂರು ನಿಮಿಷದಲ್ಲಿ ಕೈಗೆ ಹಗುರವಾಗುತ್ತದೆ, ಚಮಚದ ಹಿಂದಿನ ಗೆರೆ ಮೆಲ್ಲಗೆ ಕೂಡಿಕೊಳ್ಳುತ್ತದೆ. ಆಗ ಮತ್ತೆ ಒಂದು ನಿಮಿಷ ಕುದಿಸಬೇಕು, ಮೊಳಕೆ ಹಿಟ್ಟು ಹಸಿಯದಲ್ಲವೇ. ಕೊನೆಗೆ ಒಂದು ಸಣ್ಣ ಚಮಚ ತುಪ್ಪ. ಕೂಸು ಉಂಡು ಬಿಟ್ಟ ಗಂಜಿ ಅರ್ಧ ತಾಸಿನಲ್ಲಿ ನೀರಾಗುವುದಕ್ಕೂ ಇಂಥದೇ ಕಾರಣ: ಜೊಲ್ಲಿನಲ್ಲೂ ಅಮೈಲೇಸ್ ಇದೆ. ಎಂಜಲು ಚಮಚ ಅದ್ದಿದ ಬಟ್ಟಲನ್ನು ಸಂಜೆಗೆ ಎತ್ತಿಡಬೇಡಿ.

ಜೋಳವನ್ನೂ ಹೀಗೇ ಮೊಳಕೆ ಕಟ್ಟಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಎಳೆ ಜೋಳದ ಬೆಳೆಗೆ ದನ ನುಗ್ಗಿದರೆ ಸಾಯುತ್ತವೆ ಎಂಬುದು ಇಲ್ಲಿನ ಪ್ರತಿ ಒಕ್ಕಲಿಗನಿಗೂ ಗೊತ್ತು. ಆ ಸಯನೈಡಿನ ಅಂಶ ಜೋಳದ ಮೊಳಕೆಯಲ್ಲೂ ಇರುತ್ತದೆ. ಕಾಳಿನಲ್ಲಿ ಆ ಭಯವಿಲ್ಲ, ಬಿಳಿಜೋಳದ ನುಚ್ಚು ಏಳೆಂಟು ತಿಂಗಳಿಗೆ ಬಲು ಒಳ್ಳೆಯದು. ಒಂದು ಪಾಲು ನುಚ್ಚು, ಅರ್ಧ ಪಾಲು ಹೆಸರುಬೇಳೆ, ನಾಲ್ಕು ಪಾಲು ನೀರು, ಕುಕ್ಕರಿನಲ್ಲಿ ಐದು ಸೀಟಿ. ಚಮಚದ ಬೆನ್ನಿನಿಂದ ಹಿಸುಕಿ, ಮಿಕ್ಸರಿಗೆ ಹಾಕಬೇಡಿ. ಹತ್ತು ತಿಂಗಳಾದರೂ ನುಣ್ಣಗೆ ರುಬ್ಬಿದ್ದನ್ನೇ ಉಣಿಸುತ್ತ ಹೋದರೆ ಕೂಸು ಅಗಿಯುವುದನ್ನು ಕಲಿಯುವುದೇ ಇಲ್ಲ, ವರ್ಷದ ಮೇಲೆ ಅನ್ನದ ಅಗುಳಿಗೂ ಓಕರಿಸುತ್ತದೆ.

ಆರು ತಿಂಗಳ ಹೊತ್ತಿಗೆ ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ಅಂಶ ತೀರುತ್ತ ಬರುತ್ತದೆ. ಬೇಳೆ, ರಾಜಗಿರಿ ಸೊಪ್ಪು, ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣ ಇದೆ, ಆದರೆ ಮೈಗೆ ಹತ್ತುವುದು ಕಡಿಮೆ. ಬಟ್ಟಲಿಗೆ ನಾಲ್ಕು ಹನಿ ಲಿಂಬೆರಸ ಹಿಂಡಿದರೆ ಹೆಚ್ಚು ಹತ್ತುತ್ತದೆ. ತತ್ತಿ ತಿನ್ನುವ ಮನೆಯಾದರೆ ಪೂರ್ತಿ ಬೆಂದ ತತ್ತಿಯನ್ನು ಈ ವಯಸ್ಸಿಗೇ ಶುರು ಮಾಡಬಹುದು. ಹುರಿದ ಶೇಂಗಾವನ್ನು ನುಣ್ಣಗೆ ಅರೆದು ಗಂಜಿಗೆ ಬೆರೆಸಬಹುದು. ಬೂಸು ಹಿಡಿದ, ಕಹಿ ಬೀಜ ಒಂದೂ ಸೇರಬಾರದು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಮಿಲಿಲೀಟರ್. ಮಲ ಕಪ್ಪಗಾದರೆ ಹೆದರಿ ನಿಲ್ಲಿಸುವವರೇ ಜಾಸ್ತಿ. ಅದು ಕಬ್ಬಿಣದ ಬಣ್ಣ, ರೋಗವಲ್ಲ. ಚಹಾದಲ್ಲಿ ಬಿಸ್ಕಿಟ್ ಅದ್ದಿ ಬಾಯಿಗಿಡುವ ರೂಢಿಯನ್ನು ಮಾತ್ರ ಯಾರ ಮುಲಾಜೂ ಇಲ್ಲದೆ ನಿಲ್ಲಿಸಿ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಬಿಸ್ಕಿಟ್‌ನ ಸಿಹಿ ಗಂಜಿಯ ರುಚಿ ಕೆಡಿಸುತ್ತದೆ. ವರ್ಷದವರೆಗೆ ಜೇನುತುಪ್ಪವೂ ಬೇಡ, ಬಜೆ-ಜಾಯಿಕಾಯಿ ತೇಯ್ದು ನೆಕ್ಕಿಸುವ ನೆವದಲ್ಲೂ ಬೇಡ; ಜೇನಿನಲ್ಲಿರಬಹುದಾದ ಬೊಟುಲಿಸಮ್‌ ಎಂಬ ಮಾರಕ ರೋಗದ ಬೀಜಾಣುಗಳನ್ನು ಎಳೆ ಕರುಳು ತಡೆಯದು.

ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ, ಜೊತೆಗೆ ವಿಟಮಿನ್ ಎ ಮೊದಲ ಡೋಸ್. ಅದೇ ದಿನ ತೂಕ ಹಾಕಿಸಿ, ತೋಳಿನ ಸುತ್ತಳತೆಯನ್ನು ಪಟ್ಟಿಯಿಂದ ಅಳೆಸಿ. 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಊಟದ ಕಡೆ ನಿಗಾ ಬೇಕು, 11.5ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ. ವರ್ಷಕ್ಕೆ ಹುಟ್ಟಿದ ತೂಕದ ಮೂರು ಪಟ್ಟು ಆಗಬೇಕು ಎಂಬುದು ಒರಟು ಲೆಕ್ಕ.

ಇದೇ ಒಂಬತ್ತು-ಹತ್ತು ತಿಂಗಳಲ್ಲಿ ಹೆಬ್ಬೆರಳು, ತೋರುಬೆರಳು ಕೂಡಿಸಿ ನೆಲದ ಮೇಲಿನ ಸಾಸಿವೆಯನ್ನೂ ಹೆಕ್ಕುವ ಕೈ ಬರುತ್ತದೆ. ರೊಟ್ಟಿ ಕೊಡಲು ಅದೇ ಗುರುತು. ಉಬ್ಬಿದ ಬಿಸಿ ರೊಟ್ಟಿಯ ಮೇಲಿನ ಪದರು ಬಿಡಿಸಿ, ಅಂಚು ತೆಗೆದು, ಬೇಳೆಕಟ್ಟಿನಲ್ಲಿ ಹತ್ತು ನಿಮಿಷ ನೆನೆಸಿ ಕೊಡಿ. ತಣಿದ ಜೋಳದ ರೊಟ್ಟಿ ಒಂದು ತಾಸಿಗೇ ಬಿರುಸಾಗುತ್ತದೆ, ಕಟಕ ರೊಟ್ಟಿಯ ಚೂರಂತೂ ಗಂಟಲಿಗೆ ಚುಚ್ಚುತ್ತದೆ. ಮನೆಯವರ ಪಲ್ಯವನ್ನು ಖಾರ-ಉಪ್ಪು ಬೀಳುವ ಮುಂಚೆ ಒಂದು ಸೌಟು ಎತ್ತಿಟ್ಟುಕೊಂಡರೆ ಪ್ರತ್ಯೇಕ ಅಡುಗೆಯ ತ್ರಾಸವಿಲ್ಲ. ದೊಡ್ಡವರ ಗಂಗಾಳದಲ್ಲೇ ಉಣಿಸಿದರೆ ಎಷ್ಟು ಉಂಡಿತೋ ಯಾರಿಗೂ ತಿಳಿಯುವುದಿಲ್ಲ, ಅದಕ್ಕೇ ಕೂಸಿನ ಬಟ್ಟಲು ಬೇರೆ ಇರಬೇಕು.

ಬೇಸಿಗೆಯಲ್ಲಿ ಮಾಡಿದ ಗಂಜಿಯನ್ನು ಒಂದು ತಾಸಿನೊಳಗೆ ಉಣಿಸಿ ಮುಗಿಸಿ. ಭೇದಿ ಹತ್ತಿದರೆ ಊಟ ನಿಲ್ಲಿಸಬೇಡಿ. ಓಆರ್‌ಎಸ್ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಅದಕ್ಕಿಂತ ಕಡಿಮೆ ನೀರಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ತೊಂದರೆ. ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್ ಚಮಚದಿಂದ ಕುಡಿಸಿ, ಮರುದಿನಕ್ಕೆ ಇಡಬೇಡಿ. ಜಿಂಕ್ 20 ಮಿಲಿಗ್ರಾಂ ಹದಿನಾಲ್ಕು ದಿನ, ಭೇದಿ ನಿಂತ ಮೇಲೂ ತಪ್ಪಿಸಬಾರದು. ಕಣ್ಣು ಒಳಸೇರಿದರೆ, ಆರು ತಾಸು ಮೂತ್ರ ಬಾರದಿದ್ದರೆ ಮನೆಮದ್ದು ಬಿಟ್ಟು ಹೊರಡಿ.

ಕೂಸು ಓಕರಿಸಿ ಕೆಮ್ಮಿದರೆ ಅದು ಕಲಿಕೆ, ಸ್ವಲ್ಪ ಕಾದು ನೋಡಿ. ದನಿಯಿಲ್ಲದೆ ತುಟಿ ನೀಲಿಯಾದರೆ ಗಂಟಲಿಗೆ ಸಿಕ್ಕಿದೆ ಎಂದರ್ಥ. ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು, ತಲೆ ಕೆಳಗಿರುವಂತೆ ಹಿಡಿದು ಬೆನ್ನಿನ ನಡುವೆ ಅಂಗೈ ಬುಡದಿಂದ ಐದು ಪೆಟ್ಟು, ಅಂಗಾತ ಹೊರಳಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಒತ್ತು, ಹೊರಬರುವವರೆಗೆ ಇದನ್ನೇ ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದೆ ಬಾಯೊಳಗೆ ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ. ಇಡೀ ಶೇಂಗಾ, ಪುಟಾಣಿ (ಹುರಿಗಡಲೆ), ಒಣದ್ರಾಕ್ಷಿ ಈ ವಯಸ್ಸಿಗೆ ಬೇಡವೇ ಬೇಡ. ವಿಜಯಪುರದಲ್ಲಿ ದ್ರಾಕ್ಷಿ ಕಾಲ ಬಂದರೆ ಮನೆತುಂಬ ಹಣ್ಣು. ಉದ್ದಕ್ಕೆ ನಾಲ್ಕು ಸೀಳು ಮಾಡದೆ ಕೊಡಬೇಡಿ.

ಸಂಕ್ರಾಂತಿಗೆ ಮೊದಲ ವರ್ಷದ ಕೂಸನ್ನು ಮಣೆ ಮೇಲೆ ಕೂರಿಸಿ ಬಾರಿಹಣ್ಣು, ಕಬ್ಬಿನ ತುಣುಕು, ಚುರುಮುರಿ, ಕುಸುರೆಳ್ಳು ತಲೆ ಮೇಲೆ ಎರೆಯುವ ಮನೆಗಳಿವೆ. ಎಲ್ಲರ ಕಣ್ಣೂ ಮೊಬೈಲಿನ ಮೇಲಿರುವ ಹೊತ್ತಿಗೆ ಅದೇ ಎರಡು ಬೆರಳು ಮಡಿಲಿಂದ ಒಂದು ಬಾರಿಹಣ್ಣು ಹೆಕ್ಕಿ ಬಾಯಿಗಿಟ್ಟಿರುತ್ತದೆ. ಎರೆದ ಕೂಡಲೇ, ಆರತಿಗೂ ಮುಂಚೆ, ಒಬ್ಬರು ಕಸಬರಿಗೆ ಹಿಡಿಯಲಿ. ಅಂಗಿಯ ಕೊರಳೊಳಗೂ ಮಣೆಯ ಕೆಳಗೂ ನೋಡುವುದು ಮರೆಯಬೇಡಿ.