ನಳ್ಳಿಯಲ್ಲಿ ನೀರು ಸಣ್ಣಗಾದರೆ: ಪಂಪು ಕೊಳ್ಳುವ ಮೊದಲು ತಡೆ ಹುಡುಕಿ

ಅಡುಗೆಮನೆಯ ನಳ್ಳಿಯಲ್ಲಿ ನೀರು ಸಣ್ಣಗಾದರೆ ನಮ್ಮ ಕಾಸರಗೋಡಿನ ಕಡೆ ಸಿಗುವ ಮೊದಲ ಸಲಹೆ ‘ಟ್ಯಾಂಕಿ ಎತ್ತರಿಸಿ’, ಎರಡನೆಯದು ‘ಪ್ರೆಷರ್ ಪಂಪು ಹಾಕಿ’. ಎರಡೂ ಸಾವಿರಗಟ್ಟಲೆ ಖರ್ಚಿನ ಕೆಲಸ. ತಡೆ ಇರುವುದು ಹೆಚ್ಚಿನ ಸಲ ನಳ್ಳಿಯ ತುದಿಯಿಂದ ಗೋಡೆಯವರೆಗಿನ ಎರಡು ಗೇಣಿನೊಳಗೆ. ಅದನ್ನು ಬಿಡಿಸಲು ಒಂದು ಸ್ಪ್ಯಾನರ್, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬಾಲ್ದಿ, ಒಂದು ಸುರುಳಿ ಟೆಫ್ಲಾನ್ ಟೇಪು ಸಾಕು.

ಕೈ ಹಾಕುವ ಮೊದಲು ಮನೆಯ ಎಲ್ಲ ನಳ್ಳಿಗಳನ್ನೂ ಒಮ್ಮೆ ತೆರೆದು ನೋಡಿ. ಒಂದರಲ್ಲಿ ಮಾತ್ರ ಸಣ್ಣಗಿದ್ದರೆ ದೋಷ ಆ ನಳ್ಳಿಯದ್ದು. ಒಂದು ಬದಿಯ ಬಚ್ಚಲು, ಅಡುಗೆಮನೆ ಎರಡರಲ್ಲೂ ಸಣ್ಣಗಿದ್ದರೆ ಆ ಬದಿಗೆ ಹೋಗುವ ವಾಲ್ವಿನದ್ದು. ಎಲ್ಲ ಕಡೆಯೂ ಹಾಗೇ ಇದ್ದರೆ ಟ್ಯಾಂಕಿಯ ಬಾಯಿಯಿಂದ ಹುಡುಕಬೇಕು. ಬಿಸಿನೀರು ಮಾತ್ರ ಕಡಿಮೆಯಾದರೆ ಗೀಸರಿಗೆ ನೀರು ಹೋಗುವ ವಾಲ್ವು ನೋಡಿ. ಮೊನ್ನೆಯವರೆಗೆ ಚೆನ್ನಾಗಿದ್ದದ್ದು ಇಂದು ಏಕಾಏಕಿ ನಿಂತಿತೆಂದರೆ ಕಸ ಅಥವಾ ಗಾಳಿ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಯಿತೆಂದರೆ ಒಳಗೆ ಕಟ್ಟಿಕೊಂಡ ಕಿಟ್ಟ. ಅಂದಾಜಿಗಿಂತ ಅಳತೆ ಒಳ್ಳೆಯದು: ಒಂದು ಲೀಟರಿನ ಬಾಟಲಿ 10 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 6 ಲೀಟರ್ ಆಯಿತು, ಪಾತ್ರೆ ತೊಳೆಯಲು ಅದು ಧಾರಾಳ. 20 ಸೆಕೆಂಡು ಹಿಡಿದರೆ ಕೆಲಸವಿದೆ ಎಂದರ್ಥ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಒಂದೊಂದು ಹೆಜ್ಜೆಯ ನಂತರವೂ ಮತ್ತೆ ಅಳೆಯಿರಿ.

ನಮ್ಮಲ್ಲಿ ಹೆಚ್ಚಿನ ಮನೆಗಳ ನೀರು ಬಾವಿಯಿಂದಲೋ ಬೋರಿನಿಂದಲೋ ತಾರಸಿಯ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ಭಾರಕ್ಕೇ ಇಳಿಯುವಂಥದ್ದು. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್. ನಳ್ಳಿಗಿಂತ ಟ್ಯಾಂಕಿ 3 ಮೀಟರ್ ಮೇಲಿದ್ದರೆ ನಿಮಗೆ ಸಿಗುವುದು 0.3 ಬಾರ್ ಅಷ್ಟೇ. ಇಷ್ಟು ಕಡಿಮೆ ಒತ್ತಡದಲ್ಲಿ ನಾಲ್ಕು ಕಾಳು ಮರಳೂ ದೊಡ್ಡ ತಡೆ.

ಮೊದಲು ಬಿಚ್ಚಬೇಕಾದದ್ದು ನಳ್ಳಿಯ ಮೂತಿಯ ಜಾಲರಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ವಾಷರ್ ಅದರೊಳಗೇ ಬೀಳುತ್ತದೆ. ಜಾಲರಿಯ ಸುತ್ತ ಬಟ್ಟೆ ಸುತ್ತಿ, ಮೇಲಿನಿಂದ ನೋಡುವಾಗ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿ. ಕೆಳಮುಖವಾಗಿ ಬಿಚ್ಚುವುದರಿಂದ ದಿಕ್ಕು ತಿರುವುಮುರುವಾಗಿ ಕಾಣುತ್ತದೆ. ಅನೇಕರು ಇಲ್ಲಿಯೇ ತಪ್ಪು ದಿಕ್ಕಿಗೆ ಬಿಗಿದು ಮರೆ (ಸ್ಕ್ರೂವಿನ ಸುತ್ತುಗೆರೆ) ಹಾಳುಮಾಡುತ್ತಾರೆ. ಒಳಗಿನ ಬಿಲ್ಲೆ, ಬಲೆ, ರಬ್ಬರ್ ಬಳೆ ಯಾವ ಕ್ರಮದಲ್ಲಿದ್ದವು ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಜಾಲರಿ ಇಲ್ಲದೆ ನಳ್ಳಿ ತೆರೆದಾಗ ನೀರು ಜೋರಾಗಿ ಬಂದರೆ ತಡೆ ಅದರಲ್ಲೇ ಇತ್ತು.

ಅದರಲ್ಲಿ ಸಿಕ್ಕಿದ ಕಸವನ್ನು ಚೆಲ್ಲುವ ಮೊದಲು ಬೆರಳಲ್ಲಿ ಉಜ್ಜಿ ನೋಡಿ, ನೀರಿನ ಕತೆಯನ್ನೆಲ್ಲ ಅದು ಹೇಳುತ್ತದೆ. ಕೆಂಪು-ಕಂದು ಬಣ್ಣದ ಲೋಳೆ ಕಬ್ಬಿಣದ್ದು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರಿನಲ್ಲಿ ಇದು ಸಾಮಾನ್ಯ. ಬೆರಳಿಗೆ ಚರಚರ ಎನ್ನುವುದು ಮರಳು: ಬೇಸಿಗೆಯಲ್ಲಿ ಬಾವಿ ಇಳಿದು, ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವು ತಳದ ಕೆಸರಿಗೆ ಹತ್ತಿರವಾದಾಗಲೂ, ಜೂನಿನಲ್ಲಿ ಬಾವಿ ಕಲಕಿದಾಗಲೂ ಬರುತ್ತದೆ. ಬಿಳಿಯ ಗಟ್ಟಿ ಪೊರೆ ಸುಣ್ಣದಂಶ. ಮುರಕಲ್ಲಿನ ಮೆದು ನೀರಿನಲ್ಲಿ ಅದು ಅಪರೂಪ, ಕೆಲವು ಬೋರುಗಳಲ್ಲಿ ಇರುತ್ತದೆ. ಹೊಸ ಮನೆಯಾದರೆ ಪಿವಿಸಿ ಪೈಪು ಕೊಯ್ದ ಬಿಳಿ ಹೊಟ್ಟು, ಟೆಫ್ಲಾನಿನ ಚೂರು ಸಿಗುತ್ತವೆ.

ಮರಳು ಬ್ರಷ್ಷಿಗೆ ಹೋಗುತ್ತದೆ. ಬಲೆಯನ್ನು ತಿರುಗಿಸಿ ಹಿಡಿದು ಹಿಮ್ಮುಖವಾಗಿ ನೀರು ಬಿಡಿ. ಸುಣ್ಣದ ಪೊರೆಗೆ ವಿನೆಗರ್ ಅಥವಾ ಲಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿದರೆ ಸಾಕು. ಕಬ್ಬಿಣದ ಕಿಟ್ಟಕ್ಕೆ ವಿನೆಗರಿಗಿಂತ ಬಿಂಬುಳಿ ಮೇಲು, ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ನಾಲ್ಕೈದು ಕಾಯಿ ಜಜ್ಜಿ ರಸಕ್ಕೆ ಅಷ್ಟೇ ನೀರು ಬೆರೆಸಿ, ಬಲೆಯನ್ನು ಮಾತ್ರ ಅದರಲ್ಲಿ ಹಾಕಿ. ರಬ್ಬರ್ ಬಳೆಯನ್ನು, ಹೊಳಪಿನ ಕ್ರೋಮ್ ಭಾಗವನ್ನು ರಾತ್ರಿಯಿಡೀ ಹುಳಿಯಲ್ಲಿ ಬಿಡಬೇಡಿ, ಲೇಪ ಎದ್ದುಹೋಗುತ್ತದೆ. ಇನ್ನೊಂದು ಮಾತು ಮರೆಯಲೇಬಾರದು: ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರನ್ನು ಯಾವ ಹುಳಿಯ ಜೊತೆಗೂ ಬೆರೆಸಬೇಡಿ. ಏಳುವ ಕ್ಲೋರಿನ್ ಗಾಳಿ ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ಜಾಲರಿ ತೆಗೆದರೂ ನೀರು ಏರಲಿಲ್ಲವೇ? ಸಿಂಕಿನ ಕೆಳಗೆ ಗೋಡೆಯಲ್ಲಿರುವ ಸಣ್ಣ ವಾಲ್ವು, ಅಂದರೆ ಆ್ಯಂಗಲ್ ಕಾಕ್ ಮುಚ್ಚಿ, ನಳ್ಳಿಗೆ ಸೇರುವ ಕಡೆಯಿಂದ ಕನೆಕ್ಷನ್ ಪೈಪು ಬಿಚ್ಚಿ, ಅದರ ಬಾಯನ್ನು ಬಾಲ್ದಿಗೆ ಇಳಿಸಿ ಕಾಕ್ ತೆರೆಯಿರಿ. ಬಾಲ್ದಿಗೆ ಜೋರಾಗಿ ಬಿದ್ದರೆ ದೋಷ ನಳ್ಳಿಯ ಒಳಗೆ. ಸಣ್ಣಗೇ ಬಿದ್ದರೆ ಪೈಪನ್ನೂ ಕಳಚಿ ಕಾಕ್‌ನಿಂದಲೇ ಬಿಟ್ಟು ನೋಡಿ. ಕನೆಕ್ಷನ್ ಪೈಪಿನ ಹೊರಗೆ ಸ್ಟೀಲ್ ಹೆಣಿಗೆ ಕಂಡರೂ ಒಳಗಿರುವುದು ರಬ್ಬರ್ ಕೊಳವೆ. ಮಡಚಿ ಹಾಕಿದ್ದರೆ ಅದು ಒಳಗೊಳಗೇ ಚಪ್ಪಟೆಯಾಗಿರುತ್ತದೆ. ತುದಿಯ ವಾಷರನ್ನು ಅತಿಯಾಗಿ ಬಿಗಿದರೂ ರಬ್ಬರ್ ಉಬ್ಬಿ ತೂತಿಗೆ ಅಡ್ಡ ಬರುತ್ತದೆ. ಕೈಯಲ್ಲಿ ಬಿಗಿದು ಸ್ಪ್ಯಾನರಿನಲ್ಲಿ ಕಾಲು ಸುತ್ತು ಕೊಟ್ಟರೆ ಮುಗಿಯಿತು, ಅಲ್ಲಿಗೆ ಟೇಪು ಬೇಡ.

ನಳ್ಳಿಯ ಒಳಗೆ ಎರಡು ಜಾತಿ. ಹಳೆಯ ಸ್ಕ್ರೂ ನಳ್ಳಿಯಲ್ಲಿ ವಾಷರ್ ಬದಲಿಸಿದ ಮೇಲೆಯೇ ನೀರು ಕಡಿಮೆಯಾಗಿದ್ದರೆ ಹಾಕಿದ ವಾಷರ್ ದಪ್ಪವಾಯಿತು ಎಂದು ತಿಳಿಯಿರಿ. ಹಿಡಿಯ ಜೊತೆ ತಿರುಗುವ ಸ್ಪಿಂಡಲ್ ಪೂರ್ತಿ ಏರಿದರೂ ನೀರಿಗೆ ಸಾಕಷ್ಟು ಸಂದಿ ಸಿಗುವುದಿಲ್ಲ. ಕಾಲು ಸುತ್ತಿನ ನಳ್ಳಿಯಲ್ಲಿ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ, ಅವುಗಳ ತೂತಿನಲ್ಲಿ ಮರಳು ಸಿಕ್ಕಿಕೊಳ್ಳುತ್ತದೆ. ಸ್ಪಿಂಡಲ್ ಬಿಚ್ಚಿ ಹರಿಯುವ ನೀರಲ್ಲಿ ತೊಳೆಯಿರಿ. ಸೂಜಿಯಿಂದ ಕೆರೆದರೆ ಬಿಲ್ಲೆಗೆ ಗೀರು ಬಿದ್ದು ಮತ್ತೆ ಸೋರಲು ಶುರು. ತೆಂಗಿನೆಣ್ಣೆ, ಗ್ರೀಸು ಹಚ್ಚಬೇಡಿ. ಹೊಸತು ತರುವುದಾದರೆ ಹಳೆಯದನ್ನೇ ಅಂಗಡಿಗೆ ಒಯ್ಯಿರಿ, ಹಲ್ಲಿನ ಎಣಿಕೆ ಮತ್ತು ಉದ್ದ ಕಂಪೆನಿಯಿಂದ ಕಂಪೆನಿಗೆ ಬೇರೆ.

ಮನೆಯಿಡೀ ಸಣ್ಣಗಿದ್ದರೆ ತಾರಸಿಗೆ ಹತ್ತಿ. ಹಿತ್ತಾಳೆಯ ಗೇಟ್‌ವಾಲ್ವಿನಲ್ಲಿ ಒಳಗಿನ ಬಾಗಿಲು ಸ್ಪಿಂಡಲಿನಿಂದ ಕಳಚಿ ಕೆಳಗೇ ಕೂರುವುದುಂಟು. ಚಕ್ರ ಸಲೀಸಾಗಿ ತಿರುಗುತ್ತದೆ, ನೀರು ಮಾತ್ರ ಬಿಡುವುದಿಲ್ಲ. ಅದನ್ನು ದುರಸ್ತಿ ಮಾಡುವುದಕ್ಕಿಂತ ಅದೇ ಅಳತೆಯ ಬಾಲ್‌ವಾಲ್ವು ಹಾಕುವುದು ಒಳ್ಳೆಯದು.

ಟ್ಯಾಂಕಿ ತೊಳೆದ ಮರುದಿನವೇ ನೀರು ನಿಂತಿದ್ದರೆ ಪೈಪಿನೊಳಗೆ ಗಾಳಿ ಸೇರಿದೆ. ಪೈಪು ಮೇಲೆದ್ದು ಮತ್ತೆ ಇಳಿಯುವ ಕಡೆ ಗಾಳಿ ಕೂತರೆ 0.3 ಬಾರ್ ಒತ್ತಡಕ್ಕೆ ಅದನ್ನು ತಳ್ಳುವ ತಾಕತ್ತಿಲ್ಲ. ಬಾವಿಯ ಪಂಪಿನಿಂದ ನೇರ ಬರುವ ನಳ್ಳಿಗೂ ಮನೆಯ ಅತಿ ಕೆಳಗಿನ ನಳ್ಳಿಗೂ ಒಂದು ಹೋಸ್ ಪೈಪು ಜೋಡಿಸಿ, ಉಳಿದ ನಳ್ಳಿಗಳನ್ನು ಮುಚ್ಚಿ, ಟ್ಯಾಂಕಿಯ ವಾಲ್ವು ತೆರೆದಿಟ್ಟು, ಅರ್ಧ ನಿಮಿಷ ಪಂಪು ನಡೆಸಿ. ಟ್ಯಾಂಕಿಯೊಳಗೆ ಗುಳ್ಳೆ ಎದ್ದರೆ ದಾರಿ ಬಿಟ್ಟಿತು. ಪಂಚಾಯತ್ ಲೈನಿಗೆ ಮಾತ್ರ ಹೀಗೆ ಜೋಡಿಸಬೇಡಿ, ನಿಮ್ಮ ಟ್ಯಾಂಕಿಯ ನೀರು ಊರಿನ ಪೈಪಿಗೆ ಹೋದೀತು. ಗಾಳಿ ಪದೇಪದೇ ಹಿಡಿಯುವ ಮನೆಯಲ್ಲಿ ಟ್ಯಾಂಕಿಯ ವಾಲ್ವು ದಾಟಿದ ತಕ್ಷಣ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ, ಅರ್ಧ ಇಂಚಿನ ಪೈಪನ್ನು ಓವರ್‌ಫ್ಲೋಗಿಂತ ಎತ್ತರಕ್ಕೆ ನಿಲ್ಲಿಸಿ, ಬಾಯನ್ನು ಕೆಳಕ್ಕೆ ತಿರುಗಿಸಿ ಬಲೆ ಕಟ್ಟಿ.

ಎಲ್ಲೂ ತಡೆಯಿಲ್ಲದೆಯೂ ನೀರು ಸಣ್ಣಗಿದ್ದರೆ ಪೈಪಿನ ಅಳತೆ ನೋಡಿ. ಟ್ಯಾಂಕಿಯನ್ನು 3 ಮೀಟರಿನಿಂದ 4 ಮೀಟರಿಗೆ ಎತ್ತರಿಸಿದರೆ ನೀರು ಹೆಚ್ಚುವುದು ಶೇಕಡಾ 15ರಷ್ಟು. ಉದ್ದನೆಯ ಅರ್ಧ ಇಂಚಿನ ಪೈಪನ್ನು ಮುಕ್ಕಾಲು ಇಂಚಿಗೆ ಬದಲಿಸಿದರೆ ಅದೇ ಎತ್ತರದಲ್ಲಿ ಎರಡೂವರೆ ಪಾಲು. ಟ್ಯಾಂಕಿಯಿಂದ ಇಳಿಯುವುದು ಒಂದೂಕಾಲು ಅಥವಾ ಒಂದು ಇಂಚು, ಬಚ್ಚಲಿನವರೆಗೆ ಮುಕ್ಕಾಲು, ಗೋಡೆಯೊಳಗಿನ ಕೊನೆಯ ತುಂಡು ಮಾತ್ರ ಅರ್ಧ ಇಂಚು ಇರಲಿ. ಹಳೆಯ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪಾದರೆ ಅಳತೆಯ ಮಾತೇ ಬೇಡ: ನಮ್ಮ ನೆಲದ ನೀರಿನಲ್ಲಿ ಹುಳಿಯಂಶ ಹೆಚ್ಚು, ಒಳಗೆ ತುಕ್ಕು ಬೆಳೆದು ಪೆನ್ಸಿಲಿನಷ್ಟು ದಾರಿ ಉಳಿದಿರುತ್ತದೆ. ಅದಕ್ಕೆ ಬದಲಿಸುವುದೊಂದೇ ಮದ್ದು.

ಮರಳು ಮತ್ತೆ ಬಾರದಂತೆ ಅಡಿಕೆ ತೋಟದ ಡ್ರಿಪ್ಪಿಗೆ ಹಾಕುವ 120 ಮೆಷ್‌ನ ಫಿಲ್ಟರ್ ಸಾಕು. ಆದರೆ ಅದು ಪಂಪಿನಿಂದ ಟ್ಯಾಂಕಿಗೆ ಏರುವ ಪೈಪಿನಲ್ಲಿರಬೇಕು. ಟ್ಯಾಂಕಿಯಿಂದ ಇಳಿಯುವ ಕಡೆ ಹಾಕಿದರೆ ಇರುವ ಒತ್ತಡವನ್ನೂ ಅದೇ ತಿನ್ನುತ್ತದೆ. ಕರಗಿದ ಕಬ್ಬಿಣ ಯಾವ ಬಲೆಗೂ ಸಿಗುವುದಿಲ್ಲ. ಬೋರಿನಿಂದ ತಿಳಿಯಾಗಿ ಬಂದ ನೀರು ಗಾಳಿ ತಾಗಿದ ಮೇಲೆ ಕೆಂಪಾಗುತ್ತದೆ. ಅಂಥ ನೀರನ್ನು ಶವರಿನಂತೆ ಚಿಮ್ಮಿಸಿ ಟ್ಯಾಂಕಿಗೆ ಬೀಳಿಸಿ, ರಾತ್ರಿ ಹಾಗೇ ನಿಲ್ಲಬಿಡಿ, ಮನೆಗೆ ಹೋಗುವ ತೂತು ತಳದಿಂದ 8-10 ಸೆಂಟಿಮೀಟರ್ ಮೇಲಿರಲಿ. ತಳದ ಕೆಸರಿಗೆ ಬೇರೆಯೇ ತೂತು ಬೇಕು. ತೊಳೆಯುವಾಗ ಮನೆಯ ವಾಲ್ವು ಮುಚ್ಚಿರಲಿ. ನೀರು ತುಂಬಿದ ಮೇಲೆ ಜಾಲರಿಗಳನ್ನೆಲ್ಲ ಬಿಚ್ಚಿ, ಅಂಗಳದ ನಳ್ಳಿಯನ್ನು ಮೊದಲು ತೆರೆಯಿರಿ.

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರನ್ನೇ ಕಪ್ಪು ಪೈಪಿನಲ್ಲಿ ಮನೆಗೆ ಇಳಿಸಿಕೊಂಡವರಿಗೆ ಇನ್ನೆರಡು ಮಾತು. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಬರುವಾಗ ಗಾಳಿಯ ತೊಂದರೆ ಇರಲಿಲ್ಲ, ಮೇಲೆಲ್ಲ ತೆರೆದೇ ಇತ್ತಲ್ಲ. ಪೈಪು ಗುಡ್ಡದ ಉಬ್ಬುತಗ್ಗಿನಲ್ಲಿ ಸಾಗುವಾಗ ಪ್ರತಿ ಉಬ್ಬಿನ ನೆತ್ತಿಯಲ್ಲೂ ಗಾಳಿ ಕೂರುತ್ತದೆ, ತಗ್ಗಿನಲ್ಲಿ ಕೆಸರು. ನೆತ್ತಿಗೊಂದು ಟೀ, ಅದಕ್ಕೊಂದು ಸಣ್ಣ ವಾಲ್ವು, ತಗ್ಗಿಗೂ ಹಾಗೆಯೇ. ಮೇಲಿನದನ್ನು ಗಾಳಿಯ ಸದ್ದು ನಿಲ್ಲುವವರೆಗೆ, ಕೆಳಗಿನದನ್ನು ನೀರು ತಿಳಿಯಾಗುವವರೆಗೆ ತೆರೆದಿಡಿ. ಸುರಂಗದೊಳಗೆ ಪೈಪಿನ ಬಾಯಿ ನೀರು ತಡೆಯಲು ಹಾಕಿದ ಕಟ್ಟದ ತಳಕ್ಕೆ ತಾಗದಂತೆ ನಾಲ್ಕು ಬೆರಳು ಮೇಲಿರಲಿ, ಅದಕ್ಕೆ ಬಲೆ ಸುತ್ತಿರಲಿ.