ಬುಸಾನಿನಲ್ಲಿ ಸರಸ್ವತಿಯ ಹೆಸರಿದ್ದ ಬೀದಿ

ಆಗಸ್ಟ್ 15 ಕೊರಿಯಾದವರಿಗೂ ಬಿಡುಗಡೆಯ ದಿನ. ಕಚೇರಿಗೆ ರಜೆಯಿದ್ದುದರಿಂದ ಸಹೋದ್ಯೋಗಿಯೊಬ್ಬರು ನನ್ನನ್ನು ಬುಸಾನಿನ ಗ್ವಾಂಗ್‌ಬೊಕ್ ಬೀದಿಗೆ ಕರೆದೊಯ್ದರು. ಹಳೆಯ ಪತ್ರಿಕೆ ಓದುವ ಹುಚ್ಚು ಅವರಿಗೆ. ಜಪಾನಿ ಆಳ್ವಿಕೆಯ ಕಾಲದ ‘ಫುಜಾನ್ ನಿಪ್ಪೋ’ ದಿನಪತ್ರಿಕೆಯ ಪುಟವೊಂದನ್ನು ಮೊಬೈಲಿನಲ್ಲಿ ತೆರೆದು, ಜಾಹೀರಾತಿನ ಅಡಿಯ ವಿಳಾಸ ತೋರಿಸಿದರು: ಬೆಂತೆನ್‌-ಚೋ. “ನಾವು ನಿಂತಿರುವುದು ಅಲ್ಲಿಯೇ” ಎಂದರು.

ಬೆಂತೆನ್ ಎಂದರೆ ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಜಪಾನಿಗೆ ಹೋಗಿ, ಕೈಯಲ್ಲಿ ಬಿವಾ ಎಂಬ ಜಪಾನಿ ತಂತಿವಾದ್ಯ ಹಿಡಿದು ಅಲ್ಲಿಯವಳೇ ಆದ ನಮ್ಮ ಸರಸ್ವತಿ. ಇಷ್ಟು ದೂರದ ಬಂದರಿನಲ್ಲಿ ಶಾರದೆಯ ಹೆಸರು! ನಾನು ಸಂಭ್ರಮದಿಂದ ಹೇಳಿದೆ. ಅವರು ಸೌಜನ್ಯದಿಂದಲೇ ಉತ್ತರಿಸಿದರು: “ನಮ್ಮಜ್ಜಿಗೂ ಆ ಹೆಸರು ಗೊತ್ತಿತ್ತು. ಅದನ್ನು ಇಟ್ಟವರು ಮಾತ್ರ ಇಲ್ಲಿಯವರನ್ನು ಕೇಳಿ ಇಡಲಿಲ್ಲ.”

1876ರಲ್ಲಿ ಬಂದರು ತೆರೆಯಿತು, 1910ರಲ್ಲಿ ದೇಶವೇ ಜಪಾನಿನ ವಶವಾಯಿತು. ಆ ಪತ್ರಿಕೆ ಇಲ್ಲಿ ನೆಲೆಸಿದ್ದ ಜಪಾನಿಯರಿಗಾಗಿ ಜಪಾನಿ ಭಾಷೆಯಲ್ಲಿ ಬರುತ್ತಿತ್ತು. ಅದರ ಪುಟಗಳಲ್ಲಿ ಊರು ಬುಸಾನ್ ಅಲ್ಲ, ಫುಜಾನ್. 1947ರಲ್ಲಿ ಬೆಂತೆನ್‌-ಚೋ ಗ್ವಾಂಗ್‌ಬೊಕ್ ಆಯಿತು. ಕಳೆದ ಬೆಳಕು ಮರಳಿತು ಎಂಬ ಹೆಸರು. ಹೊನ್‌ಮಾಚಿ ಎಂಬ ಇನ್ನೊಂದು ಬಡಾವಣೆ ದೊಂಗ್‌ಗ್ವಾಂಗ್ ಆಯಿತು. ಪತ್ರಿಕೆಯ ಕಥೆ ಇನ್ನೂ ಸ್ವಾರಸ್ಯದ್ದು. ಅದೇ ನಾಲ್ಕು ಚೀನೀ ಅಕ್ಷರಗಳ ಹೆಸರಿನಲ್ಲಿ 1946ರಲ್ಲಿ ಕೊರಿಯನ್ ಭಾಷೆಯ ‘ಬುಸಾನ್ ಇಲ್ಬೊ’ ಹುಟ್ಟಿತು, ಇಂದಿಗೂ ಬರುತ್ತಿದೆ.

ದೊಂಗ್‌ಗ್ವಾಂಗಿನಲ್ಲಿ ಬೇಕ್ಸಾನ್ ಸ್ಮಾರಕಕ್ಕೆ ಹೋದೆವು. ಬೇಕ್ಸಾನ್ ಎಂಬುದು ಆನ್ ಹಿ-ಜೆ ಅವರ ಅಂಕಿತನಾಮ. 1914ರಲ್ಲಿ ಆರಂಭವಾದ ಅವರ ವ್ಯಾಪಾರ ಮಳಿಗೆಯಿಂದಲೇ ಸ್ವಾತಂತ್ರ್ಯ ಹೋರಾಟಕ್ಕೆ ಗುಟ್ಟಾಗಿ ಹಣ ಹೋಗುತ್ತಿತ್ತು. ಮುಂದೆ ಅವರು ಸೋಲ್‌ನಲ್ಲಿ ‘ಜುಂಗ್‌ವೆ ಇಲ್ಬೊ’ ಎಂಬ ಕೊರಿಯನ್ ಪತ್ರಿಕೆಯನ್ನೂ ನಡೆಸಿದರು. ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿ 1943ರಲ್ಲಿ ತೀರಿಕೊಂಡರು. ಇನ್ನೆರಡು ವರ್ಷ ಬದುಕಿದ್ದರೆ ಬಿಡುಗಡೆ ಕಾಣುತ್ತಿದ್ದರು ಎಂಬ ಸಂಕಟ ನನ್ನನ್ನು ಬಹಳ ಹೊತ್ತು ಕಾಡಿತು.

ಅವರ ಮಳಿಗೆಯ ವಿಳಾಸವೂ ಆಗ ಹೊನ್‌ಮಾಚಿಯೇ. ಹಾಗಾಗಿ ಬೀದಿಯ ಫಲಕದಲ್ಲಿ ಹಳೆಯ ಹೆಸರೂ ಇರಬೇಕು, ಇಲ್ಲವಾದರೆ ಆ ಧೈರ್ಯ ಯಾರ ಮೂಗಿನ ಕೆಳಗೆ ನಡೆಯಿತೆಂಬುದು ಹೊಸಬರಿಗೆ ತಿಳಿಯುವುದಿಲ್ಲ ಎಂದು ವಾದಿಸಿದೆ. ಸಹೋದ್ಯೋಗಿ ಒಪ್ಪಲಿಲ್ಲ. “ಪತ್ರಿಕೆಯಲ್ಲಿ ಇರಲಿ, ಹುಡುಕಿ ಓದುತ್ತೇವೆ. ಗೋಡೆಯ ಮೇಲೆ ಬೇಡ” ಎಂದರು. ಮಿಲ್‌ಮ್ಯೊನ್ ಎಂಬ ಗೋಧಿ ನೂಡಲ್ಸ್ ತಿನ್ನುತ್ತಾ ಕುಳಿತಾಗಲೂ ನಮ್ಮ ಚರ್ಚೆ ಮುಗಿಯಲಿಲ್ಲ.