ಲೆಕ್ಕದ ಪುಸ್ತಕದಲ್ಲಿ ಸಿಗದ ಟೊಂಕನೋವು

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹೊಸ ತೊಗರಿಯ ಹಂಗಾಮು ಶುರುವಾಯಿತೆಂದರೆ ನೆಹರು ಗಂಜಿನ ಮಾರುಕಟ್ಟೆಯ ಕಡೆಯಿಂದ ನಮ್ಮ ಅಂಗಳಕ್ಕೆ ಬರುವ ಲಾರಿಗಳ ಸಾಲು ತಪ್ಪುವುದಿಲ್ಲ. ಕಾಳು ಹಸನು ಮಾಡುವುದರಿಂದ ಹಿಡಿದು ಸಿಪ್ಪೆ ತೆಗೆದು ಒಡೆಯುವವರೆಗಿನ ಬಹುಪಾಲು ಕೆಲಸಕ್ಕೆ ಈಗ ಯಂತ್ರಗಳಿವೆ. ಆದರೆ ಚೀಲ ಇಳಿಸುವುದು, ಥಪ್ಪಿ ಹಚ್ಚುವುದು (ಒಂದರ ಮೇಲೊಂದು ಪೇರಿಸುವುದು), ಬೇಳೆ ತುಂಬಿದ ಚೀಲಗಳನ್ನು ಮತ್ತೆ ಲಾರಿಗೆ ಏರಿಸುವುದು ಇಂದಿಗೂ ಹಮಾಲರ ಬೆನ್ನಿನ ಮೇಲೆಯೇ ನಡೆಯುತ್ತದೆ.

ಫೆಬ್ರುವರಿಯ ಒಂದು ಮಧ್ಯಾಹ್ನ, ಹಮಾಲರ ಪೈಕಿ ಎಲ್ಲರಿಗಿಂತ ಹಿರಿಯರಾದ ಕಾಕಾ ನೆಲದ ಮೇಲಿದ್ದ ಚೀಲವನ್ನು ಎತ್ತಿ ಪಕ್ಕಕ್ಕೆ ತಿರುಗುವಾಗ ಹಾಗೆಯೇ ಮೊಣಕಾಲೂರಿ ಕುಳಿತುಬಿಟ್ಟರು. ಓಡಿ ಹೋಗಿ ಕೇಳಿದರೆ, "ಟೊಂಕ ಹಿಡದದರಿ ಸರ, ಏಳ್ಲಾಕ ಬರವಲ್ದು" ಎಂದರು. ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಎಡಗಾಲಿನಲ್ಲಿ ಜೋಮು ಹಿಡಿದಂತಾಗುತ್ತಿದೆ ಎಂದರು. ನೋವು ದೀಪಾವಳಿಯ ಹೊತ್ತಿಗೇ ಶುರುವಾಗಿತ್ತಂತೆ. ಹೇಳಿದರೆ ಕೆಲಸ ಹೋಗಬಹುದೆಂಬ ಹೆದರಿಕೆಯಿಂದ ಮುಲಾಮು ಹಚ್ಚಿಕೊಂಡು ದಿನ ನೂಕಿದ್ದರು.

ಬೆನ್ನುಮೂಳೆಯ ಎರಡು ಮಣಿಗಳ ನಡುವೆ ಇರುವ ಡಿಸ್ಕು ಹಿಂದಕ್ಕೆ ಉಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಎಂದು ವೈದ್ಯರು ವಿವರಿಸಿದರು. ನೆಲದಿಂದ ಬಗ್ಗಿ ಎತ್ತುವಾಗ ಭಾರವು ಮೈಯಿಂದ ದೂರವಿದ್ದಷ್ಟೂ ಟೊಂಕದ ಮೇಲೆ ಬೀಳುವ ಒತ್ತಡ ಹಲವು ಪಟ್ಟು ಹೆಚ್ಚುತ್ತದೆ, ಅದೇ ಕ್ಷಣದಲ್ಲಿ ಮೈ ತಿರುವಿದರೆ ಡಿಸ್ಕಿನ ಹೊರಪದರಕ್ಕೆ ಇನ್ನಷ್ಟು ಪೆಟ್ಟು ಬೀಳುತ್ತದೆ. ಡಿಸ್ಕಿಗೆ ನೇರವಾದ ರಕ್ತಸಂಚಾರ ಬಹಳ ಕಡಿಮೆಯಾದ್ದರಿಂದ ಅದು ಬೇಗ ಮಾಗುವುದಿಲ್ಲ. ಅವರ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು: ಹಾಸಿಗೆ ಹಿಡಿದು ಮಲಗಬಾರದು, ಅಡ್ಡಾಡುತ್ತಿರಬೇಕು, ಹಗುರ ಕೆಲಸ ಮಾಡಬಹುದು, ಭಾರ ಮಾತ್ರ ಎತ್ತಬಾರದು. ನಮ್ಮ ಮಿಲ್ಲಿನ ಹಮಾಲನಿಗೆ ಹಗುರ ಕೆಲಸ ಎಂಬುದೇ ಇರಲಿಲ್ಲ. ಒಂದೋ 50 ಕೆ.ಜಿ. ಚೀಲ ಹೊರಬೇಕು, ಇಲ್ಲವೇ ಕೂಲಿಯಿಲ್ಲದೆ ಮನೆಯಲ್ಲಿ ಕೂರಬೇಕು.

ಮರುದಿನ ಸಾಹುಕಾರರ ಮುಂದೆ ವಿಷಯವಿಟ್ಟಾಗ ಅವರು, "ಅವರು ಮುಕಾದಮನ ಮಂದಿ, ನಮ್ಮ ಪಗಾರದ ಪಟ್ಟಿದಾಗ ಇಲ್ಲಲ್ಲ" ಎಂದರು. ಮುಕಾದಮನೆಂದರೆ ಹಮಾಲರನ್ನು ಕರೆತಂದು ಕೆಲಸಕ್ಕೆ ಹಚ್ಚುವ ಮೇಸ್ತ್ರಿ. ಸಾಹುಕಾರರು ನಿರ್ದಯಿಗಳಲ್ಲ, ಆಸ್ಪತ್ರೆಯ ಖರ್ಚನ್ನು ಅವರೇ ಕೊಟ್ಟಿದ್ದರು. ಆದರೆ ಆ ಹಣವನ್ನು ನಾನು ಬರೆದದ್ದು "ಇತರೆ" ಎಂಬ ಕಲಮಿನಲ್ಲಿ. ಆ ಕಲಮನ್ನು ನೋಡುತ್ತಿದ್ದಾಗ, ಇಂಥ ನೋವಿಗೆ ಮಿಲ್ಲು ತೆರುವ ಬೆಲೆಯೆಲ್ಲ ಹೀಗೆಯೇ ಬೇರೆ ಬೇರೆ ಹೆಸರಿನಲ್ಲಿ ಚದುರಿಹೋಗಿದೆ ಎಂಬುದು ನನಗೆ ಹೊಳೆಯಿತು. ಆಳು ಕಡಿಮೆಯಾಗಿ ಲಾರಿ ರಾತ್ರಿ ನಿಂತರೆ ಆ ಬಾಡಿಗೆ ಸಾಗಣೆಯ ಖರ್ಚಿಗೆ ಸೇರುತ್ತದೆ. ಹೊಸಬರು ಕೊಂಡಿ ಹಾಕಿ ಹರಿದ ಚೀಲಗಳು ನಷ್ಟದ ಬಾಬಿಗೆ ಹೋಗುತ್ತವೆ. ಊರಿಗೆ ಹೋಗಿ ತಿರುಗಿ ಬಾರದ ಹಮಾಲರಿಗೆ ಕೊಟ್ಟಿದ್ದ ಮುಂಗಡ ಬಾರದ ಸಾಲವಾಗುತ್ತದೆ. ಇವನ್ನೆಲ್ಲ ಒಂದೇ ಹಾಳೆಗೆ ಇಳಿಸಿ, ಪಕ್ಕದಲ್ಲಿ ಕೈಗಾಡಿಗಳ ಬೆಲೆಯನ್ನೂ ಒಂದು ಕಟ್ಟೆ ಕಟ್ಟಿಸುವ ಅಂದಾಜನ್ನೂ ಬರೆದು ಸಾಹುಕಾರರಿಗೆ ಕೊಟ್ಟೆ. ದಯೆ ತೋರಿಸಿ ಎಂದು ನಾನು ಕೇಳಲಿಲ್ಲ. ಸಾಮಾನು ಸಾಗಿಸುವ ಖರ್ಚಿನಲ್ಲಿ ಸಾಗಿಸುವವನ ಮೈಯ ಖರ್ಚೂ ಸೇರಿದೆ, ಅದನ್ನು ಇಷ್ಟು ವರ್ಷ ಹಮಾಲನೊಬ್ಬನೇ ತೆರುತ್ತ ಬಂದಿದ್ದಾನೆ ಎಂಬುದಷ್ಟೇ ನನ್ನ ವಾದವಾಗಿತ್ತು.

ಅದೇ ಹಾಳೆಯಲ್ಲಿ ಇನ್ನೊಂದು ಲೆಕ್ಕವೂ ಇತ್ತು. ದಿನಕ್ಕೆ ಇನ್ನೂರು ಚೀಲ ಹೊತ್ತ ಮನುಷ್ಯ ಸಂಜೆಯ ಹೊತ್ತಿಗೆ 10 ಟನ್ ಭಾರ ಹೊತ್ತಿರುತ್ತಾನೆ. ಗಂಡಾಳೊಬ್ಬ ಹೊರಬಹುದಾದ ಗರಿಷ್ಠ ಭಾರ 55 ಕೆ.ಜಿ.ಗಿಂತ ಹೆಚ್ಚಿದ್ದಲ್ಲಿ ಅದನ್ನು ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಎತ್ತುವ ಕೆಲಸದ ಅಪಾಯ ಅಳೆಯಲು ಕೆಲಸದ ಸ್ಥಳದ ಸುರಕ್ಷತೆಯ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರವಂತೂ ಎಲ್ಲ ಅನುಕೂಲಗಳೂ ಇದ್ದಾಗ 23 ಕೆ.ಜಿ. ಮಿತಿಯಿಂದ ಶುರುವಾಗಿ, ನೆಲದಿಂದ ಎತ್ತಬೇಕಾದರೆ, ಮೈ ತಿರುವಬೇಕಾದರೆ, ಪದೇ ಪದೇ ಎತ್ತಬೇಕಾದರೆ ಇನ್ನೂ ಕೆಳಗಿಳಿಯುತ್ತದೆ. ನಮ್ಮಲ್ಲಿ ಈ ಮೂರೂ ಒಟ್ಟಿಗೇ ಇದ್ದವು.

ಸಾಹುಕಾರರು ಎರಡು ದಿನ ಹಾಳೆಯನ್ನು ತಮ್ಮ ಬಳಿಯೇ ಇಟ್ಟುಕೊಂಡು, ಕಟ್ಟೆಗೂ ಕೈಗಾಡಿಗಳಿಗೂ ಒಪ್ಪಿದರು. ಲಾರಿಯ ಹಲಗೆಯ ಎತ್ತರಕ್ಕೆ ಕಟ್ಟೆ ಕಟ್ಟಿಸಿದ ಮೇಲೆ ಚೀಲವನ್ನು ನೆಲಕ್ಕೆ ಹಾಕಿ ಮತ್ತೆ ಬಗ್ಗಿ ಎತ್ತುವುದು ತಪ್ಪಿತು. ತೊಡಕು ಬಂದದ್ದು ನಾನು ನಿರೀಕ್ಷಿಸದ ಕಡೆಯಿಂದ. ಹಮಾಲರು ಕೈಗಾಡಿಯನ್ನು ಮುಟ್ಟಲೇ ಇಲ್ಲ. ಅವರ ಕೂಲಿ ಚೀಲದ ಲೆಕ್ಕದ್ದು. ಗಾಡಿ ಬಂದ ಮೇಲೆ ಕೆಲಸ ಹಗುರಾಯಿತೆಂದು ಹಮಾಲಿ ದರ ಇಳಿಸುತ್ತಾರೆ, ಇಲ್ಲವೇ ಇಬ್ಬರನ್ನು ಬಿಡಿಸುತ್ತಾರೆ ಎಂಬ ಅನುಮಾನ ಅವರದು, ಅದು ಆಧಾರವಿಲ್ಲದ ಅನುಮಾನವೂ ಆಗಿರಲಿಲ್ಲ. ದರ ಇಳಿಸುವುದಿಲ್ಲ, ಆಳು ಕಡಿಮೆ ಮಾಡುವುದಿಲ್ಲ ಎಂದು ಸಾಹುಕಾರರು ಮುಕಾದಮನ ಎದುರು ಎಲ್ಲರಿಗೂ ಕೇಳುವಂತೆ ಹೇಳಿದ ಮೇಲಷ್ಟೇ ಗಾಡಿಗಳು ಉರುಳಿದವು. ಚೀಲದ ಲೆಕ್ಕದಲ್ಲಿ ದುಡಿಯುವವನಿಗೆ ವಿಶ್ರಾಂತಿಯ ಪ್ರತಿ ನಿಮಿಷವೂ ಕೈಬಿಟ್ಟ ಹಣ. ಕೂಲಿಯ ಈ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡು ಬೆನ್ನಿನ ಆರೋಗ್ಯದ ಬಗ್ಗೆ ಅವನಿಗೆ ಉಪದೇಶ ಮಾಡುವುದು ನ್ಯಾಯವಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕಾಕಾ ಕೆಲವು ವಾರಗಳ ನಂತರ ಮರಳಿದರು. ಈಗ ಅವರು ತೂಕದ ಕಾಟಾದ ಹತ್ತಿರ ನಿಂತು ಚೀಲ ಎಣಿಸುತ್ತಾರೆ, ಚೀಲದ ಬಾಯಿ ಹೊಲಿಯುತ್ತಾರೆ. ಆ ಕೆಲಸ ಮೊದಲೂ ಇತ್ತು, ಅದನ್ನು ಗಾಯಗೊಂಡವರಿಗೆ ಮೀಸಲಿಡಬಹುದೆಂದು ಯಾರೂ ಯೋಚಿಸಿರಲಿಲ್ಲ. ಸಣ್ಣ ನೋವನ್ನು ಮೊದಲ ವಾರದಲ್ಲೇ ಬಂದು ಹೇಳುವವರೂ ಈಗ ಇದ್ದಾರೆ, ಏಕೆಂದರೆ ಹೇಳಿದವನ ಕೂಲಿ ಪೂರ್ತಿ ನಿಲ್ಲುವುದಿಲ್ಲ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವಿಷಯ ಮಾತ್ರ ಇನ್ನೂ ಬಾಕಿಯಿದೆ. ನಮ್ಮ ಊರಿನಲ್ಲೇ ಸೇಡಂ ರಸ್ತೆಯಲ್ಲಿ ಇಎಸ್‌ಐ ನಿಗಮದ ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು ಇವೆ. ಮಾಲೀಕರಿಂದ ಕೂಲಿಯ ಶೇ. 3.25, ಕಾರ್ಮಿಕನಿಂದ ಶೇ. 0.75 ಕಟ್ಟಿದರೆ, ಷರತ್ತಿಗೊಳಪಟ್ಟು, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಕೈಗೆ ಬರುತ್ತದೆ. ಮುಕಾದಮನ ಮೂಲಕ ಬಂದವರೆಂಬ ಕಾರಣಕ್ಕೆ ಹಮಾಲರನ್ನು ಇದರಿಂದ ಹೊರಗಿಡಬಾರದೆಂದು ಸಾಹುಕಾರರಿಗೆ ಹೇಳುತ್ತಲೇ ಇದ್ದೇನೆ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ದಿನವಿಡೀ ಕಾಳು ಆರಿಸುವ ಹೆಣ್ಣುಮಕ್ಕಳ ಮೊಣಕಾಲಿನ ಮಾತೂ ಬಾಕಿಯಿದೆ. ಅವರಿಗೆ ಎತ್ತರದ ಮೇಜು, ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು. ಅದರ ಅಂದಾಜು ಪಟ್ಟಿಯನ್ನು ಬರುವ ಹಂಗಾಮಿಗೆ ಮೊದಲೇ ಸಾಹುಕಾರರ ಮುಂದಿಡುತ್ತೇನೆ, ಈ ಸಲ ಆ ಹೆಣ್ಣುಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ.